ಹೊಲಕ್ಕೆ ಹೊಡೆದ ಕಳೆನಾಶಕ ಮಣ್ಣಿನಲ್ಲಿ ಎಷ್ಟು ದಿನ ಇರುತ್ತದೆ?

ಪ್ರಶ್ನೆ: ಒಂದು ಹೊಲವನ್ನು ಹೊಸದಾಗಿ ಗೇಣಿಗೆ ತೆಗೆದುಕೊಂಡಿದ್ದೇನೆ. ಹಿಂದೆ ಮಾಡುತ್ತಿದ್ದವರು ಸತತ ಮೂರು ವರ್ಷ ಮುಸುಕಿನ ಜೋಳ ಹಾಕಿ ಅಟ್ರಾಜಿನ್ ಹೊಡೆದಿದ್ದಾರಂತೆ. ಬದುಗಳಿಗೆ ಗ್ಲೈಫೋಸೇಟ್. ಕೊನೆಯ ಸಲ ಹೊಡೆದು ಏಳು ತಿಂಗಳಾಗಿದೆ. ನನಗೆ ಬೀನ್ಸ್, ಸೌತೆ, ಟೊಮೆಟೊ ಬೆಳೆಯುವ ಆಸೆ. ಗ್ಲೈಫೋಸೇಟ್ ಹತ್ತು ವರ್ಷ ಮಣ್ಣಿನಲ್ಲಿ ಇರುತ್ತದೆ ಎಂದು ಒಬ್ಬರು ಹೆದರಿಸುತ್ತಾರೆ. ಒಂದು ದೊಡ್ಡ ಮಳೆ ಬಂದರೆ ಎಲ್ಲ ತೊಳೆದು ಹೋಗುತ್ತದೆ ಎಂದು ಇನ್ನೊಬ್ಬರು. ಯಾವುದು ನಿಜ? ಮಣ್ಣನ್ನು ಬೇಗ ಶುದ್ಧ ಮಾಡುವ ದಾರಿ ಇದೆಯಾ? ಕೊಟ್ಟಿಗೆ ಗೊಬ್ಬರ ಹಾಕಿದರೆ ಸಾಕಾಗುತ್ತದಾ?

ಉತ್ತರ: ಇಬ್ಬರು ಹೇಳಿದ್ದೂ ಸರಿಯಲ್ಲ. ನಿಮ್ಮ ಹೊಲದಲ್ಲಿ ಚಿಂತೆ ಮಾಡಬೇಕಾದದ್ದು ಗ್ಲೈಫೋಸೇಟ್ ಬಗ್ಗೆ ಅಲ್ಲ, ಅಟ್ರಾಜಿನ್ ಬಗ್ಗೆ. ಅದರಲ್ಲೂ ಏಳು ತಿಂಗಳು ಅನ್ನುವ ಲೆಕ್ಕಕ್ಕಿಂತ, ಆ ಏಳು ತಿಂಗಳಲ್ಲಿ ಮಣ್ಣು ಎಷ್ಟು ದಿನ ಹಸಿಯಾಗಿ, ಬೆಚ್ಚಗೆ ಇತ್ತು ಅನ್ನುವುದು ಮುಖ್ಯ.

ಮೊದಲು ಎರಡು ವಿಷಯ ಬೇರೆ ಮಾಡಿಕೊಳ್ಳೋಣ. ಔಷಧಿ ಮಣ್ಣಿನಲ್ಲಿ ಎಷ್ಟು ದಿನ ಇರುತ್ತದೆ ಅನ್ನುವುದು ಒಂದು. ಅದು ಬೆಳೆಗೆ ಎಷ್ಟು ದಿನ ತೊಂದರೆ ಕೊಡಬಲ್ಲದು ಅನ್ನುವುದು ಇನ್ನೊಂದು. ಜನ ಇವೆರಡನ್ನೂ ಕಲಸಿ ಮಾತಾಡುತ್ತಾರೆ, ಗೊಂದಲ ಅಲ್ಲೇ ಶುರು. ಪ್ಯಾರಾಕ್ವಾಟ್ ಎಂಬ ಕಳೆನಾಶಕ ನೋಡಿ. ಅದರ ಅಣುವಿಗೆ ಧನ ವಿದ್ಯುದಂಶ ಇದೆ. ಜೇಡಿ ಕಣಗಳಿಗೆ ಋಣ ವಿದ್ಯುದಂಶ. ಮಣ್ಣಿಗೆ ಬಿದ್ದ ತಕ್ಷಣ ಅದು ಜೇಡಿಯ ಪದರಗಳ ನಡುವೆ ಸಿಕ್ಕಿಕೊಳ್ಳುತ್ತದೆ. ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಪುಸ್ತಕಗಳಲ್ಲಿ ಅದರ ಅರ್ಧಾಯುಷ್ಯ (ಅರ್ಧ ಒಡೆದು ಹೋಗಲು ಬೇಕಾದ ಕಾಲ) 1000 ದಿನ ಎಂದು ಕೊಟ್ಟಿರುತ್ತಾರೆ. ಆದರೂ ಹೊಡೆದ ಮರುದಿನವೇ ಬಿತ್ತಿದರೂ ಬೀಜಕ್ಕೆ ಏನೂ ಆಗುವುದಿಲ್ಲ, ಯಾಕೆಂದರೆ ಬೇರಿಗೆ ಅದು ಸಿಗುವುದೇ ಇಲ್ಲ. ಗೋಡೆಗೆ ಪೂರ್ತಿ ಹೊಡೆದ ಮೊಳೆಯ ಹಾಗೆ: ಇದೆ, ಆದರೆ ಯಾರಿಗೂ ಚುಚ್ಚುವುದಿಲ್ಲ. (ಮನುಷ್ಯರ ಹೊಟ್ಟೆಗೆ ಹೋದರೆ ಅದು ಎಂಥಾ ವಿಷ ಅನ್ನುವುದು ಬೇರೆ ಮಾತು.)

ಗ್ಲೈಫೋಸೇಟ್ ಕೂಡ ಹೆಚ್ಚುಕಡಿಮೆ ಇದೇ ಸ್ವಭಾವದ್ದು. ಮಣ್ಣಿನ ಕಬ್ಬಿಣ ಮತ್ತು ಅಲ್ಯುಮಿನಿಯಂ ಆಕ್ಸೈಡ್‌ಗಳಿಗೆ ಅಂಟಿಕೊಳ್ಳುತ್ತದೆ. ರಂಜಕ ಕೂರುವ ಜಾಗದಲ್ಲೇ ಅದೂ ಕೂರುತ್ತದೆ. ಅಂಟಿಕೊಂಡ ಮೇಲೂ ಸೂಕ್ಷ್ಮಜೀವಿಗಳು ನಿಧಾನವಾಗಿ ಅದನ್ನು ಒಡೆಯುತ್ತವೆ. ಅರ್ಧಾಯುಷ್ಯ ಕೆಲವು ಮಣ್ಣಿನಲ್ಲಿ ಕೆಲವೇ ದಿನ, ಕೆಲವು ಕಡೆ ಆರು ತಿಂಗಳ ಹತ್ತಿರ. ಸರಾಸರಿಯಾಗಿ 47 ದಿನ ಎಂದು ಬಳಸುತ್ತಾರೆ. ಒಡೆದಾಗ ಬರುವ ಆಂಪಾ ಎಂಬ ವಸ್ತು ಇನ್ನೂ ಹೆಚ್ಚು ಕಾಲ ಉಳಿಯುತ್ತದೆ, ಹಾಗಾಗಿ ಪ್ರಯೋಗಾಲಯದ ವರದಿಯಲ್ಲಿ ಅದರ ಹೆಸರು ಕಂಡರೆ ಆಶ್ಚರ್ಯ ಪಡಬೇಡಿ. ಬದುಗಳಿಗೆ ಮಾತ್ರ ಹೊಡೆದು ಏಳು ತಿಂಗಳಾಗಿದ್ದರೆ ಹೊಲದೊಳಗಿನ ಸೌತೆಗೂ ಟೊಮೆಟೊಗೂ ಅದರಿಂದ ತೊಂದರೆ ಆಗುವ ಸಂಭವ ತೀರಾ ಕಡಿಮೆ. ಇದನ್ನು ಇಲ್ಲಿಗೇ ಬಿಡೋಣ.

ಅಟ್ರಾಜಿನ್ ಹಾಗಲ್ಲ. ಅದು ಕೆಲಸ ಮಾಡುವುದೇ ಮಣ್ಣಿನಲ್ಲಿ ಕೂತು, ನೀರಿನ ಜೊತೆ ಬೇರಿಗೆ ಹೋಗಿ. ಮುಸುಕಿನ ಜೋಳ ತನ್ನೊಳಗೆ ಅದನ್ನು ಬೇಗ ನಿಷ್ಕ್ರಿಯ ಮಾಡಿಕೊಳ್ಳುತ್ತದೆ. ಬೀನ್ಸ್, ಸೌತೆ, ಟೊಮೆಟೊಗಳಿಗೆ ಆ ಶಕ್ತಿ ಇಲ್ಲ.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ಸುಲಭವಾಗಿದೆ. ಅರ್ಧಾಯುಷ್ಯ ಅಂದರೆ ಇದ್ದದ್ದರಲ್ಲಿ ಅರ್ಧ ಒಡೆದು ಹೋಗಲು ಬೇಕಾದ ಕಾಲ. ಅಟ್ರಾಜಿನ್‌ಗೆ ಸಾಮಾನ್ಯವಾಗಿ 60 ದಿನ ಎಂದು ಹಿಡಿಯುತ್ತಾರೆ. ಹೆಕ್ಟೇರಿಗೆ 1 ಕಿಲೋ ಹಾಕಿದ್ದರೆ 60 ದಿನಕ್ಕೆ 500 ಗ್ರಾಂ, 120 ದಿನಕ್ಕೆ 250, 180 ದಿನಕ್ಕೆ 125. ನಿಮ್ಮ ಏಳು ತಿಂಗಳಿಗೆ ಸುಮಾರು 90 ಗ್ರಾಂ ಉಳಿಯಬೇಕು. ಒಂದು ಹೆಕ್ಟೇರಿನ ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು 20 ಲಕ್ಷ ಕಿಲೋ ತೂಗುತ್ತದೆ. ಅಷ್ಟು ಮಣ್ಣಿನಲ್ಲಿ 90 ಗ್ರಾಂ ಹರಡಿದರೆ ಹೆಚ್ಚಿನ ಕಡೆ ಬೆಳೆಯ ಮೇಲೆ ಕಣ್ಣಿಗೆ ಕಾಣುವಂಥ ಪೆಟ್ಟು ಬೀಳುವುದಿಲ್ಲ.

ಆದರೆ ಆ 60 ದಿನ ಅನ್ನುವುದು ಸರಾಸರಿ ಅಷ್ಟೇ. ಮಣ್ಣು ಒಣಗಿ ಬಿರಿದಿದ್ದರೆ, ಚಳಿ ಇದ್ದರೆ, ಮಣ್ಣಿನ ರಸಸಾರ (ಪಿಎಚ್, ಅಂದರೆ ಮಣ್ಣು ಹುಳಿಯೋ ಕ್ಷಾರವೋ ಅನ್ನುವ ಅಳತೆ) ಜಾಸ್ತಿ ಇದ್ದರೆ ಅದೇ ಅಟ್ರಾಜಿನ್‌ನ ಅರ್ಧಾಯುಷ್ಯ 150 ದಿನ ಆಗಬಹುದು. ಆಗ ಏಳು ತಿಂಗಳಾದ ಮೇಲೂ 380 ಗ್ರಾಂ ಉಳಿದಿರುತ್ತದೆ. ಅದೇ ಹೊಲ, ಅದೇ ಡೋಸ್, ಅದೇ ಏಳು ತಿಂಗಳು, ಆದರೆ ಉಳಿಕೆಯಲ್ಲಿ ನಾಲ್ಕು ಪಟ್ಟು ವ್ಯತ್ಯಾಸ. ಅದಕ್ಕೇ ಕ್ಯಾಲೆಂಡರ್ ನೋಡಿ ಬಿತ್ತನೆ ನಿರ್ಧರಿಸಬೇಡಿ ಎನ್ನುತ್ತೇನೆ. ಹಸಿ ಇದ್ದ ತಿಂಗಳುಗಳನ್ನು ಮಾತ್ರ ಎಣಿಸಿ. ಮಣ್ಣು ಪುಡಿಪುಡಿಯಾಗಿ ಒಣಗಿ ಬಿದ್ದಿದ್ದ ಮೂರು ತಿಂಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಡಿ.

ಕಾರಣ ಸರಳ. ಕಳೆನಾಶಕವನ್ನು ಮಣ್ಣಿನಲ್ಲಿ ಒಡೆಯುವ ಕೆಲಸದ ದೊಡ್ಡ ಪಾಲು ಬ್ಯಾಕ್ಟೀರಿಯಾ, ಶಿಲೀಂಧ್ರಗಳದ್ದು. ಮಣ್ಣನ್ನು ಕುದಿಸಿ ಸೂಕ್ಷ್ಮಜೀವಿಗಳನ್ನು ಕೊಂದು ನೋಡಿದರೆ ಎಷ್ಟೋ ಕಳೆನಾಶಕಗಳು ಇದ್ದ ಹಾಗೇ ಇರುತ್ತವೆ. ಸೂಕ್ಷ್ಮಜೀವಿಗಳಿಗೆ ನೀರು ಬೇಕು, ಬೆಚ್ಚಗಿರಬೇಕು, ಗಾಳಿ ಬೇಕು. ಉಷ್ಣತೆ 10 ಡಿಗ್ರಿ ಇಳಿದರೆ ಒಡೆಯುವ ವೇಗ ಸುಮಾರಾಗಿ ಅರ್ಧಕ್ಕೆ ಇಳಿಯುತ್ತದೆ. ಹಸಿ ಆರಿದರೆ ಕೆಲಸ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಬರ ಬಂದ ವರ್ಷದ ನಂತರದ ಬೆಳೆಯಲ್ಲೇ ಉಳಿಕೆಯ ತೊಂದರೆ ಜಾಸ್ತಿ ಕಾಣುವುದು ಇದೇ ಕಾರಣಕ್ಕೆ.

ಇದು ಇವತ್ತು ನಿನ್ನೆ ತಿಳಿದ ವಿಷಯ ಅಲ್ಲ. 1949ರಲ್ಲಿ ಬ್ರಿಟನ್ನಿನ ಸಸ್ಯವಿಜ್ಞಾನಿ ಎಲ್. ಜೆ. ಆಡಸ್ ಮಣ್ಣಿನ ಮೂಲಕ 2,4-ಡಿ ಎಂಬ ಕಳೆನಾಶಕದ ದ್ರಾವಣವನ್ನು ಮತ್ತೆ ಮತ್ತೆ ಹರಿಸಿ ನೋಡಿದರು. ಮೊದಲು ಕೆಲವು ದಿನ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಬೇಗ ಬೇಗ ಕರಗತೊಡಗಿತು. ಎರಡನೇ ಸಲ ಹಾಕಿದ್ದು ತಡ ಮಾಡದೆ ಮಾಯವಾಯಿತು. ಅದನ್ನು ತಿನ್ನಲು ಬಲ್ಲ ಸೂಕ್ಷ್ಮಜೀವಿಗಳು ಅಷ್ಟರಲ್ಲಿ ಹೆಚ್ಚಿಕೊಂಡಿದ್ದವು.

ಇದರಲ್ಲಿ ನಿಮಗೊಂದು ಒಳ್ಳೆ ಸುದ್ದಿ ಇದೆ. ಮೂರು ವರ್ಷ ಸತತ ಹೊಡೆದಿದ್ದಾರೆ, ಮಣ್ಣಿನಲ್ಲಿ ರಾಶಿ ಬಿದ್ದಿರಬೇಕು ಎಂದು ನಿಮಗೆ ಅನ್ನಿಸಿರಬಹುದು. ಅಟ್ರಾಜಿನ್ ವಿಷಯದಲ್ಲಿ ಎಷ್ಟೋ ಸಲ ಉಲ್ಟಾ ಆಗುತ್ತದೆ. ಅದನ್ನೇ ಆಹಾರ ಮಾಡಿಕೊಂಡು, ಅದರಲ್ಲಿರುವ ಸಾರಜನಕ ಹೀರಿ ಬೆಳೆಯುವ ಬ್ಯಾಕ್ಟೀರಿಯಾಗಳು 1990ರ ದಶಕದಲ್ಲಿ ಪತ್ತೆಯಾದವು. ಸ್ಯೂಡೋಮೊನಾಸ್ ಎಡಿಪಿ ಅನ್ನುವ ತಳಿ ಅವುಗಳಲ್ಲಿ ಹೆಸರುವಾಸಿ. ವರ್ಷ ವರ್ಷವೂ ಅಟ್ರಾಜಿನ್ ಕಂಡ ಹೊಲಗಳಲ್ಲಿ ಇಂಥವು ಹೆಚ್ಚಿ, ಎರಡು ತಿಂಗಳ ಅರ್ಧಾಯುಷ್ಯ ಕೆಲವೇ ದಿನಗಳಿಗೆ ಇಳಿದ ಉದಾಹರಣೆಗಳಿವೆ. ಹೊಡೆದವರಿಗೆ ಅದು ತಲೆನೋವು, ಔಷಧಿ ನಾಟುವ ಮೊದಲೇ ಖಾಲಿ. ನಿಮಗೆ ಲಾಭ.

ಇನ್ನು ರಾಶಿ ಬೀಳುವ ಲೆಕ್ಕ. ಅರ್ಧಾಯುಷ್ಯ 60 ದಿನ ಇದ್ದರೆ ಒಂದು ವರ್ಷಕ್ಕೆ ಉಳಿಯುವುದು ನೂರಕ್ಕೆ ಎರಡಕ್ಕಿಂತ ಕಡಿಮೆ. ಅರ್ಧಾಯುಷ್ಯ ಒಂದು ಇಡೀ ವರ್ಷ ಇದ್ದು, ಪ್ರತಿ ವರ್ಷ ಹಾಕುತ್ತಾ ಹೋದರೂ ಉಳಿಕೆ ಒಂದು ವರ್ಷದ ಡೋಸಿನ ಎರಡು ಪಟ್ಟಿನ ಹತ್ತಿರ ಹೋಗಿ ನಿಲ್ಲುತ್ತದೆ, ಅದಕ್ಕಿಂತ ಮೇಲೆ ಏರುವುದಿಲ್ಲ. ಏಕೆಂದರೆ ಜಾಸ್ತಿ ಇದ್ದಷ್ಟೂ ಒಡೆಯುವುದೂ ಜಾಸ್ತಿ.

ಹಾಗಂತ ಪೂರ್ತಿ ಸೊನ್ನೆ ಆಗುತ್ತದೆ ಎಂದೂ ಅಲ್ಲ. ಜರ್ಮನಿ 1991ರಲ್ಲಿ ಅಟ್ರಾಜಿನ್ ನಿಷೇಧಿಸಿತು. ಅಲ್ಲಿ ಕೊನೆಯ ಸಲ ಹೊಡೆದು 22 ವರ್ಷ ಆದ ಮೇಲೆ ಒಂದು ಪ್ರಯೋಗದ ಮಣ್ಣನ್ನು ಪರೀಕ್ಷಿಸಿದಾಗಲೂ ಅದರ ಕುರುಹು ಸಿಕ್ಕಿತು. ಮಣ್ಣಿನ ಕಣಗಳ ಒಳಗೆ ಸೇರಿಕೊಂಡ ಸ್ವಲ್ಪ ಭಾಗ ಸೂಕ್ಷ್ಮಜೀವಿಗಳ ಕೈಗೂ ಸಿಗದೆ ಉಳಿದುಬಿಡುತ್ತದೆ. ಕುಡಿಯುವ ನೀರಿನ ದೃಷ್ಟಿಯಿಂದ ಇದು ಗಂಭೀರ ವಿಷಯ. ಸೌತೆ ಬೀಜ ಮೊಳೆಯುತ್ತದಾ ಅನ್ನುವ ನಿಮ್ಮ ಪ್ರಶ್ನೆಗೆ ಮಾತ್ರ ಅದು ಉತ್ತರ ಅಲ್ಲ.

ಈಗ ಮಳೆಯ ಮಾತು. ಮಳೆ ಬಂದರೆ ಔಷಧಿ ತೊಳೆದು ಹೋಗುತ್ತದೆ ಅನ್ನುವುದು ಅರ್ಧ ಸತ್ಯ. ಹೊಡೆದ ಕೆಲವೇ ದಿನಗಳಲ್ಲಿ ರಭಸದ ಮಳೆ ಬಂದರೆ ಒಂದು ಪಾಲು ಮೇಲ್ಮೈ ನೀರಿನ ಜೊತೆ ಹರಿದು ಕೆರೆಗೋ ಹಳ್ಳಕ್ಕೋ ಸೇರುತ್ತದೆ. ಮರಳು ಮಣ್ಣಾದರೆ ಕೆಳಕ್ಕೆ ಇಳಿಯುತ್ತದೆ. ಕೆಳಗೆ ಹೋದದ್ದು ಮುಗಿಯಿತು ಅಂತಲ್ಲ. ಆಳದ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಕಡಿಮೆ, ಗಾಳಿ ಕಡಿಮೆ, ಹಾಗಾಗಿ ಅಲ್ಲಿ ಇನ್ನೂ ನಿಧಾನ. ಬೇರು ಆಳಕ್ಕೆ ಹೋದಾಗ ಅದನ್ನು ಮುಟ್ಟಬಹುದು, ಇಲ್ಲವಾದರೆ ಅಂತರ್ಜಲ ಸೇರಬಹುದು. ಮಳೆಯ ನಿಜವಾದ ಉಪಕಾರ ತೊಳೆಯುವುದರಲ್ಲಿ ಇಲ್ಲ, ಮಣ್ಣನ್ನು ವಾರಗಟ್ಟಲೆ ಹಸಿಯಾಗಿ ಇಡುವುದರಲ್ಲಿ ಇದೆ.

ಹಿಂದೆ ಹೊಡೆದದ್ದು ಅಟ್ರಾಜಿನ್ ಒಂದೇನಾ ಅನ್ನುವುದನ್ನು ದಯವಿಟ್ಟು ಖಚಿತ ಮಾಡಿಕೊಳ್ಳಿ. ಬ್ರಾಂಡ್ ಹೆಸರು ಕೇಳಿದರೆ ಸಾಲದು. ಖಾಲಿ ಡಬ್ಬಿ, ಪೊಟ್ಟಣ ಎಲ್ಲಾದರೂ ಬಿದ್ದಿದ್ದರೆ ಬ್ರಾಂಡಿನ ಕೆಳಗೆ ಸಣ್ಣದಾಗಿ ಬರೆದ ರಾಸಾಯನಿಕ ಹೆಸರು ಓದಿ. ಮೂರು ವರ್ಷಕ್ಕೂ ಹಿಂದೆ ಅಲ್ಲಿ ಏನಿತ್ತು, ನಡುವೆ ಸೋಯಾ ಅಥವಾ ಗೋಧಿ ಹಾಕಿದ್ದರಾ ಎಂದೂ ಕೇಳಿ. ಯಾಕೆಂದರೆ ನನಗೆ ನಿಜವಾಗಿ ಭಯ ಇರುವ ಎರಡು ಗುಂಪುಗಳು ಅಂಥ ಬೆಳೆಗಳಲ್ಲೇ ಬಳಕೆಯಾಗುತ್ತವೆ.

ಒಂದು ಸಲ್ಫೊನೈಲ್‌ಯೂರಿಯಾ ಗುಂಪು. ಮೆಟ್‌ಸಲ್ಫ್ಯುರಾನ್, ಕ್ಲೋರಿಮ್ಯುರಾನ್, ಸಲ್ಫೊಸಲ್ಫ್ಯುರಾನ್ ಎಲ್ಲ ಇದರವು. ಇವುಗಳ ಡೋಸ್ ಕಿಲೋ ಲೆಕ್ಕದಲ್ಲಿ ಇಲ್ಲ, ಗ್ರಾಂ ಲೆಕ್ಕದಲ್ಲಿ. ಗೋಧಿಗೆ ಮೆಟ್‌ಸಲ್ಫ್ಯುರಾನ್ ಹೆಕ್ಟೇರಿಗೆ ಬರೀ 4 ಗ್ರಾಂ ಸಾಕು. ಇಷ್ಟು ಕಡಿಮೆ ಹಾಕುತ್ತೇವಲ್ಲ, ಉಳಿದರೂ ಏನು ಮಹಾ ಎಂದು ಅನ್ನಿಸುತ್ತದೆ. ಅಪಾಯ ಇರುವುದೇ ಅಲ್ಲಿ. 4 ಗ್ರಾಂ ಕಳೆಯನ್ನು ಕೊಲ್ಲುತ್ತದೆ ಎಂದರೆ ಅದರ ಹತ್ತನೇ ಒಂದು ಪಾಲೂ ಸೂಕ್ಷ್ಮ ಬೆಳೆಯ ಬೇರನ್ನು ಕುಗ್ಗಿಸಬಲ್ಲದು. ಈ ಗುಂಪು ಹುಳಿ ಮಣ್ಣಿನಲ್ಲಿ ನೀರಿನ ಜೊತೆ ಸೇರಿ ತಾನಾಗಿಯೇ ಒಡೆಯುತ್ತದೆ. ರಸಸಾರ 7 ದಾಟಿದ ಮಣ್ಣಿನಲ್ಲಿ ಆ ದಾರಿ ಹೆಚ್ಚುಕಡಿಮೆ ಮುಚ್ಚಿಹೋಗುತ್ತದೆ, ಸೂಕ್ಷ್ಮಜೀವಿಗಳೇ ಗತಿ. ಈ ಗುಂಪಿನ ಮೊದಲ ಔಷಧಿ ಕ್ಲೋರ್‌ಸಲ್ಫ್ಯುರಾನ್ 1982ರಲ್ಲಿ ಮಾರುಕಟ್ಟೆಗೆ ಬಂತು. ಒಣ ಪ್ರದೇಶದ ಕ್ಷಾರ ಮಣ್ಣುಗಳಲ್ಲಿ ಅದು ಗೋಧಿಯ ನಂತರದ ಬೇರೆ ಬೆಳೆಗಳಿಗೆ ವರ್ಷಗಳ ಕಾಲ ಕಾಟ ಕೊಟ್ಟಿತು.

ಇನ್ನೊಂದು ಇಮಿಡಜೊಲಿನೋನ್ ಗುಂಪು, ಸೋಯಾಗೆ ಹಾಕುವ ಇಮಾಜೆಥಾಪಿರ್ ಇದರದ್ದು. ಇದರ ನಡತೆ ಉಲ್ಟಾ. ಹುಳಿ ಮಣ್ಣಿನಲ್ಲಿ ಬಿಗಿಯಾಗಿ ಅಂಟಿಕೊಂಡು ಹೆಚ್ಚು ಕಾಲ ಉಳಿಯುತ್ತದೆ. ಅಮೆರಿಕದ ಲೇಬಲ್‌ಗಳಲ್ಲಿ ಇಮಾಜೆಥಾಪಿರ್ ಹೊಡೆದ ಹೊಲಕ್ಕೆ ಮುಸುಕಿನ ಜೋಳ ಹಾಕಲು ಎಂಟೂವರೆ ತಿಂಗಳು ಕಾಯಿರಿ, ಆಲೂಗಡ್ಡೆಗೆ 26 ತಿಂಗಳು, ಸಕ್ಕರೆ ಬೀಟ್‌ಗೆ 40 ತಿಂಗಳು ಎಂದು ಬರೆದಿರುತ್ತದೆ. ಒಂದೇ ಔಷಧಿ, ಒಂದೇ ಮಣ್ಣು, ಬೆಳೆ ಬದಲಾದರೆ ಕಾಯುವ ಕಾಲ ಐದು ಪಟ್ಟು. ಅಟ್ರಾಜಿನ್ ಈ ವಿಷಯದಲ್ಲಿ ಮೊದಲ ಗುಂಪಿನ ಜೊತೆಗೆ ನಿಲ್ಲುತ್ತದೆ: ಕ್ಷಾರ ಮಣ್ಣಿನಲ್ಲಿ ಹೆಚ್ಚು ಕಾಲ ಉಳಿಯುತ್ತದೆ, ಬೇರಿಗೂ ಜಾಸ್ತಿ ಸಿಗುತ್ತದೆ. ಹಾಗಾಗಿ ನಿಮ್ಮ ಹೊಲದ ರಸಸಾರ ಎಷ್ಟು ಅನ್ನುವುದನ್ನು ಮೊದಲು ತಿಳಿದುಕೊಳ್ಳಿ. ಮಣ್ಣು ಪರೀಕ್ಷೆಯಲ್ಲಿ ಅದೊಂದು ಸಾಮಾನ್ಯ ಅಂಶ.

ಉಳಿದವುಗಳ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. 2,4-ಡಿ ಹಸಿ ಮಣ್ಣಿನಲ್ಲಿ ಹತ್ತು ದಿನಕ್ಕೆ ಅರ್ಧ ಆಗುತ್ತದೆ, ಒಂದೆರಡು ತಿಂಗಳಲ್ಲಿ ಮರೆತುಬಿಡಬಹುದು. ಪೆಂಡಿಮೆಥಾಲಿನ್, ಟ್ರೈಫ್ಲುರಾಲಿನ್ ಮಣ್ಣಿನ ಮೇಲೆಯೇ ಬಿದ್ದಿದ್ದರೆ ಆವಿಯಾಗಿ, ಬಿಸಿಲಿಗೆ ಒಡೆದು ಸಾಕಷ್ಟು ಹೋಗುತ್ತದೆ. ಮಣ್ಣಿಗೆ ಬೆರೆಸಿದ್ದರೆ ತಿಂಗಳುಗಟ್ಟಲೆ ನಿಲ್ಲುತ್ತದೆ. ಡೈಯುರಾನ್ ಅಟ್ರಾಜಿನ್‌ಗಿಂತಲೂ ಸ್ವಲ್ಪ ಗಟ್ಟಿ.

ನೀವು ಮಾಡಬೇಕಾದ ಕೆಲಸಕ್ಕೆ ಬರೋಣ. ಪ್ರಯೋಗಾಲಯಕ್ಕೆ ಮಣ್ಣು ಕಳಿಸುವ ಮೊದಲು ಕುಂಡದಲ್ಲಿ ಬೀಜ ಹಾಕಿ ನೋಡಿ. ನನ್ನ ಮಟ್ಟಿಗೆ ಪ್ರಯೋಗಾಲಯದ ಅಂಕಿಗಿಂತ ಇದೇ ಮೇಲು. ಪ್ರಯೋಗಾಲಯ ಮಣ್ಣಿನಲ್ಲಿ ಎಷ್ಟಿದೆ ಎಂದು ಹೇಳುತ್ತದೆ. ಬೇರಿಗೆ ಎಷ್ಟು ಸಿಗುತ್ತದೆ ಎಂದು ಗಿಡವೇ ಹೇಳಬೇಕು. ಅದೂ ಅಲ್ಲದೆ, ಹೆಸರು ಗೊತ್ತಿಲ್ಲದ ಔಷಧಿಯನ್ನು ಪ್ರಯೋಗಾಲಯದವರು ಹುಡುಕುವುದಿಲ್ಲ, ಗಿಡಕ್ಕೆ ಹೆಸರು ಬೇಕಿಲ್ಲ.

ಹೊಲದ ಹತ್ತು ಹನ್ನೆರಡು ಕಡೆಯಿಂದ ಮೇಲಿನ 15 ಸೆಂಟಿಮೀಟರ್ ಆಳದ ಮಣ್ಣು ತೆಗೆಯಿರಿ. ಸ್ಪ್ರೇಯರ್ ತಿರುಗಿಸುವ ಅಂಚಿನ ಸಾಲುಗಳ ಮಣ್ಣನ್ನು ಬೇರೆಯಾಗಿ ಇಡಿ. ಅಲ್ಲಿ ಒಂದರ ಮೇಲೊಂದು ಬಿದ್ದು ಡೋಸ್ ಎರಡು ಪಟ್ಟು ಆಗಿರುವುದು ಸಾಮಾನ್ಯ. ತಗ್ಗಿನ ಜಾಗ, ಮಣ್ಣಿನ ಬಣ್ಣ ಬೇರೆ ಇರುವ ಜಾಗಗಳನ್ನೂ ಬೇರೆ ಮಾಡಿ. ಎಲ್ಲವನ್ನೂ ಒಟ್ಟಿಗೆ ಕಲಸಿದರೆ ಕೆಟ್ಟ ಜಾಗ ಒಳ್ಳೆ ಜಾಗದೊಳಗೆ ಮುಚ್ಚಿಹೋಗುತ್ತದೆ. ಹೋಲಿಸಲು ಎಂದೂ ಔಷಧಿ ಬೀಳದ ಅದೇ ಬಗೆಯ ಮಣ್ಣು ಬೇಕು. ಅಂಥದ್ದು ಸಿಗದಿದ್ದರೆ ಹೊಲದ ಮಣ್ಣಿನ ಒಂದು ಪಾಲಿಗೆ ಸಕ್ರಿಯ ಇದ್ದಿಲ ಪುಡಿ ಸ್ವಲ್ಪ ಬೆರೆಸಿ. ಅದು ಕಳೆನಾಶಕವನ್ನು ಹೀರಿ ಹಿಡಿದುಕೊಳ್ಳುತ್ತದೆ.

ಪ್ರತಿ ಮಣ್ಣಿಗೂ ಮೂರು ನಾಲ್ಕು ಕುಂಡ ಇರಲಿ. ನೀವು ಬೆಳೆಯಬೇಕು ಅಂದುಕೊಂಡ ಬೀಜಗಳನ್ನೇ ಹಾಕಿ. ಸೌತೆ ಅಟ್ರಾಜಿನ್‌ಗೆ ತುಂಬಾ ಸೂಕ್ಷ್ಮ, ಅದಂತೂ ಇರಲೇಬೇಕು. ನೀರು ಹಿಡಿತದಲ್ಲಿ ಹಾಕಿ, ತಳದಿಂದ ಸೋರಿ ಹೋಗುವಷ್ಟು ಸುರಿದರೆ ಔಷಧಿಯೂ ಜೊತೆಗೆ ಹೋಗಿ ಸುಳ್ಳು ಉತ್ತರ ಬರುತ್ತದೆ. ಕುಂಡಗಳು ಬಿಸಿಲಿನಲ್ಲಿರಲಿ. ಅಟ್ರಾಜಿನ್ ತಡೆಯುವುದು ಎಲೆಯ ದ್ಯುತಿಸಂಶ್ಲೇಷಣೆಯನ್ನು, ನೆರಳಲ್ಲಿ ಅದರ ಹಾನಿ ಸರಿಯಾಗಿ ಕಾಣುವುದಿಲ್ಲ.

ಆಮೇಲೆ ಕಾಯಬೇಕು, ಕನಿಷ್ಠ ಮೂರು ವಾರ. ಬಹಳ ಜನ ಇಲ್ಲೇ ಎಡವುತ್ತಾರೆ. ಅಟ್ರಾಜಿನ್ ಇರುವ ಮಣ್ಣಿನಲ್ಲೂ ಬೀಜ ಚೆನ್ನಾಗಿಯೇ ಮೊಳೆಯುತ್ತದೆ. ಬೀಜದ ಎಲೆಗಳೂ ಹಸಿರಾಗಿ ಬಿಚ್ಚಿಕೊಳ್ಳುತ್ತವೆ. ಬೀಜದಲ್ಲಿದ್ದ ಆಹಾರ ಮುಗಿದ ಮೇಲೆ ಬಣ್ಣ ಬಯಲಾಗುತ್ತದೆ: ಕೆಳಗಿನ ಎಲೆಗಳ ಅಂಚು ಹಳದಿ ತಿರುಗಿ, ಒಳಕ್ಕೆ ಹರಡಿ, ಸುಟ್ಟ ಹಾಗೆ ಒಣಗುತ್ತದೆ. ಒಂದು ವಾರಕ್ಕೇ ಮೊಳಕೆ ನೋಡಿ ಖುಷಿಯಾಗಿ ಬಿತ್ತಿಬಿಟ್ಟರೆ ಕಷ್ಟ. ತೊಂದರೆ ಬೇರೆ ಜಾಗದಲ್ಲಿ ಕಂಡರೆ ಔಷಧಿಯೂ ಬೇರೆಯೇ ಇರಬೇಕು. ಸುಳಿ ಹಳದಿಯಾಗಿ ಗಿಡ ಕುಳ್ಳಾಗಿ ನಿಂತಿದ್ದರೆ, ಪಕ್ಕದ ಬೇರುಗಳು ಮೋಟಾಗಿದ್ದರೆ ಮೇಲೆ ಹೇಳಿದ ಎರಡು ಗುಂಪುಗಳ ಮೇಲೆ ಅನುಮಾನ ಪಡಿ. ಬೇರಿನ ತುದಿ ಗಂಟು ಕಟ್ಟಿದ ಹಾಗೆ ಊದಿದ್ದರೆ ಪೆಂಡಿಮೆಥಾಲಿನ್ ಅಥವಾ ಟ್ರೈಫ್ಲುರಾಲಿನ್. ಎಲೆ ಬಟ್ಟಲಿನಂತೆ ಮಡಚಿ, ಕಾಂಡ ತಿರುಚಿಕೊಂಡಿದ್ದರೆ 2,4-ಡಿ ತರಹದ ಹಾರ್ಮೋನ್ ಔಷಧಿ.

ಗಿಡಗಳು ಹೋಲಿಕೆಯ ಕುಂಡದವುಗಳ ಸಮಕ್ಕೆ ಬಂದರೆ ಧೈರ್ಯವಾಗಿ ಬಿತ್ತಿ. ಬರದಿದ್ದರೆ ಮಣ್ಣು ಶುದ್ಧ ಮಾಡುವ ಪ್ರಶ್ನೆ ಬರುತ್ತದೆ. ಒಂದು ಚೀಲ ಹಾಕಿದರೆ ವಿಷ ಹೋಗುತ್ತದೆ ಎಂದು ಹೇಳುವ ಪುಡಿ, ದ್ರಾವಣಗಳಿಗೆ ದುಡ್ಡು ಸುರಿಯಬೇಡಿ. ಕೆಲಸ ಮಾಡುವ ದಾರಿ ನೀರಸವಾದದ್ದು: ಹೊಲವನ್ನು ಹದವಾದ ಹಸಿಯಲ್ಲಿ ಇಡಿ, ನೀರು ನಿಲ್ಲಿಸಬೇಡಿ. ಒಂದೆರಡು ಸಲ ಉತ್ತು ಮಣ್ಣು ಬೆರೆಸಿ, ಗಾಳಿಯೂ ಸಿಗುತ್ತದೆ, ಉಳಿಕೆಯೂ ಹೆಚ್ಚು ಮಣ್ಣಿಗೆ ಹಂಚಿ ತೆಳುವಾಗುತ್ತದೆ. ಈ ಹಂಗಾಮಿಗೆ ಮತ್ತೆ ಮುಸುಕಿನ ಜೋಳವನ್ನೋ ಜೋಳವನ್ನೋ ಹಾಕಿ, ಅಟ್ರಾಜಿನ್ ಇಲ್ಲದೆ. ಎರಡೂ ಅದನ್ನು ತಡೆದುಕೊಳ್ಳುತ್ತವೆ. ಬೇರಿನ ಸುತ್ತ ಸೂಕ್ಷ್ಮಜೀವಿಗಳು ಹೆಚ್ಚುವುದರಿಂದ ಖಾಲಿ ಬಿಡುವುದಕ್ಕಿಂತ ಇದು ವಾಸಿ. ಸಕ್ರಿಯ ಇದ್ದಿಲು ಇಡೀ ಹೊಲಕ್ಕೆ ಆಗದ ಮಾತು, ಉಳಿದ ಔಷಧಿಯ ತೂಕದ ನೂರು ಪಟ್ಟಿಗಿಂತ ಜಾಸ್ತಿ ಬೇಕಾಗುತ್ತದೆ. ಟೊಮೆಟೊ ಸಸಿಯ ಗುಂಡಿಗೆ ಒಂದು ಹಿಡಿ ಹಾಕುವುದಾದರೆ ಸರಿ. ಹುಳಿ ಮಣ್ಣಿಗೆ ಸುಣ್ಣ ಹಾಕುವ ಯೋಚನೆ ಇದ್ದರೆ ಅಟ್ರಾಜಿನ್ ಖಾಲಿಯಾಗುವ ತನಕ ತಡೆಯಿರಿ, ರಸಸಾರ ಏರಿದರೆ ಅದು ಮತ್ತೆ ಬೇರಿಗೆ ಸಿಗತೊಡಗುತ್ತದೆ.

ಕೊಟ್ಟಿಗೆ ಗೊಬ್ಬರ ಖಂಡಿತ ಒಳ್ಳೆಯದು. ಸೂಕ್ಷ್ಮಜೀವಿಗಳಿಗೆ ಊಟ, ಮಣ್ಣಿಗೆ ಹಸಿ ಹಿಡಿಯುವ ಶಕ್ತಿ. ಜೊತೆಗೆ ಸ್ವಲ್ಪ ಔಷಧಿಯನ್ನು ಅಂಟಿಸಿಕೊಂಡು ಬೇರಿನಿಂದ ದೂರ ಇಡುತ್ತದೆ. ಆದರೆ ಆ ಗೊಬ್ಬರ ಎಲ್ಲಿಂದ ಬಂತು ಎಂದು ಕೇಳಿ. ಹುಲ್ಲುಗಾವಲಿಗೆ ಹೊಡೆಯುವ ಅಮಿನೋಪಿರಾಲಿಡ್, ಕ್ಲೋಪಿರಾಲಿಡ್ ಎಂಬ ಔಷಧಿಗಳು ದನದ ಹೊಟ್ಟೆಯಲ್ಲೂ ಒಡೆಯುವುದಿಲ್ಲ, ತಿಪ್ಪೆಯಲ್ಲೂ ಬೇಗ ಒಡೆಯುವುದಿಲ್ಲ. ಹುಲ್ಲಿನಿಂದ ಸಗಣಿಗೆ, ಸಗಣಿಯಿಂದ ಹೊಲಕ್ಕೆ ಹಾಗೇ ಬರುತ್ತವೆ. ಬ್ರಿಟನ್ನಿನಲ್ಲಿ 2008ರಲ್ಲಿ ಗೊಬ್ಬರ ಹಾಕಿದ ಕೈತೋಟಗಳಲ್ಲಿ ಟೊಮೆಟೊ, ಬೀನ್ಸ್, ಆಲೂಗಡ್ಡೆ ಗಿಡಗಳು ಮುರುಟಿಕೊಂಡವು. ಅಮಿನೋಪಿರಾಲಿಡ್ ಮಾರಾಟವನ್ನೇ ಆಗ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ನೀವು ಬೆಳೆಯಬೇಕೆಂದಿರುವ ಬೀನ್ಸ್, ಟೊಮೆಟೊ ಈ ಔಷಧಿಗಳಿಗೆ ಎಲ್ಲಕ್ಕಿಂತ ಬೇಗ ಬಾಡುವ ಗಿಡಗಳು. ಮೇವು ಎಲ್ಲಿಯದು ಎಂದು ತಿಳಿಯದ ಗೊಬ್ಬರವಾದರೆ ಅದಕ್ಕೂ ಎರಡು ಕುಂಡ ಇಡಿ: ಒಳ್ಳೆ ಮಣ್ಣಿಗೆ ಅರ್ಧಕ್ಕರ್ಧ ಗೊಬ್ಬರ ಬೆರೆಸಿ, ಬೀನ್ಸ್ ಬೀಜ ಹಾಕಿ, ಮೂರು ಎಲೆ ಬರುವ ತನಕ ನೋಡಿ.